ಒರ್ತಿ

ಎರಡು ದಿನದ ರಜೆ, ಒಂದೇ ಬ್ಯಾಗು,
ಕೊಪ್ಪಳದಿಂದ ರಾತ್ರಿ ಬಸ್ಸು.
ಬಿಜೈ ನಿಲ್ದಾಣದಲ್ಲಿ ಇಳಿದ ಕೂಡಲೇ
ಕನ್ನಡಕಕ್ಕೆ ಮಂಜು ಕೂತಿತು.
ಗಾಳಿಗೂ ಇಲ್ಲಿ ಮೈಯಿದೆ, ತೂಕವಿದೆ.

"ಎಷ್ಟು ಜನ?" ಎಂದ ಹೋಟೆಲಿನ ಹುಡುಗ.
"ಒಬ್ಬಳೇ."
"ಒಬ್ರೇನಾ?" ಎಂದು ಬಾಗಿಲ ಕಡೆ ನೋಡಿದ,
ಹಿಂದೆ ಬರುತ್ತಿರಬಹುದಾದ ಗಂಡನಿಗೆ
ಇನ್ನೊಂದು ಅವಕಾಶ ಕೊಟ್ಟವನಂತೆ.
ಕೈ ತೊಳೆಯುವ ಬೇಸಿನ್ನಿನ ಪಕ್ಕ ಕೂರಿಸಿದ.
ಬನ್ಸ್ ಬಂತು. ಮುರಿದರೆ ಒಳಗೆ
ಬಾಳೆಹಣ್ಣಿನ ಬಿಸಿ ಉಸಿರು, ಒಂದೆರಡು ಜೀರಿಗೆ.
ಮೂರನೆಯದನ್ನು ಅವನೇ ತಂದು ಹಾಕಿದ,
ಕೇಳದೆ.

ಎಣಿಸುವುದು ನನ್ನ ಕಸುಬು.
ಜಿಲ್ಲಾ ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾರು ವರ್ಷ
ಗಾಜಿನ ಪಟ್ಟಿಯ ಮೇಲೆ ಊರಿನ ನೆತ್ತರು:
ಬಿಳಿ ಕಣ ಇಷ್ಟು, ಕೆಂಪು ಇಷ್ಟು,
ಲಕ್ಷ, ಸಾವಿರಗಳಲ್ಲೇ ಮಾತು.
ಒಂದೇ ಒಂದನ್ನು ಅಲ್ಲಿ
ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಪಣಂಬೂರಿಗಾ, ಕದ್ರಿಗಾ?" ಎಂದರು ರಿಕ್ಷಾದವರು.
"ಹಳೇ ಬಂದರಿಗೆ."
"ಅಲ್ಲಿ ಎಂತ ಉಂಟು ಮಾರಾಯ್ರೆ? ಮೂಟೆ ಉಂಟು."
"ಇರಲಿ, ಮೂಟೆ ನೋಡ್ತೀನಿ."

ನೋಡಿದೆ.
ಹೆಂಚಿನ ಮಾಡಿನ ಗೋದಾಮು, ಇಕ್ಕಟ್ಟು ಓಣಿ,
ತಕ್ಕಡಿಯ ತಟ್ಟೆಯಲ್ಲಿ ನಿದ್ದೆ ಹೋದ ಬೆಕ್ಕು,
ಬೆಲ್ಲಕ್ಕೊಂದು ವಾಸನೆ, ಒಣಮೀನಿಗೆ ಹತ್ತು.
ಬ್ಯಾಡಗಿ ಎಂದು ನೀಲಿ ಶಾಯಿಯಲ್ಲಿ ಬರೆದ ಚೀಲ:
ನೀನೂ ನನ್ನ ಹಾಗೆ
ರಾತ್ರಿಯಿಡೀ ಘಟ್ಟ ಇಳಿದು ಬಂದೆಯಾ?
ಸೀನಿದೆ. ಮತ್ತೆ ಸೀನಿದೆ.
ನಕ್ಕವರು ಇದ್ದಿನಬ್ಬ, ಲೆಕ್ಕದ ಪುಸ್ತಕದ ಹಿಂದಿನಿಂದ.
ಊಟ ಎಲ್ಲಿ ಎಂದು ಕೇಳಿದೆ.
"ಬೋರ್ಡಿಲ್ಲ. ನೀಲಿ ಕಿಟಕಿ.
ಒಂದು ಗಂಟೆ ದಾಟಿದ್ರೆ ಬಂಗುಡೆ ಇಲ್ಲ."

ನೀಲಿ ಕಿಟಕಿಯ ಅಪ್ಪಿಯಕ್ಕ
ನನ್ನನ್ನೊಮ್ಮೆ ಕಣ್ಣಲ್ಲೇ ಅಳೆದು
ಒಳಗೆ ಕೂಗಿದಳು: "ಒರ್ತಿ!"
ಅಷ್ಟೇ. ಯಾರೂ ಬಾಗಿಲು ನೋಡಲಿಲ್ಲ.
ಕುಚ್ಚಲಕ್ಕಿ ಅನ್ನ, ಮರ್ವಾಯಿ ಸುಕ್ಕ,
ಕೆಂಪು ಪುಳಿಮುಂಚಿಯೊಳಗೆ ಇಡೀ ಬಂಗುಡೆ
ಕಣ್ಣು ಬಿಟ್ಟುಕೊಂಡು.
ಮುಳ್ಳಿಗೆ ಹೆದರಿ ಬದಿಯಲ್ಲಿ ಕೆದಕುತ್ತಿದ್ದೆ.
ಎದುರು ಕೂತ ಹಮಾಲಿ, ಮಾತಿಲ್ಲದೆ,
ತನ್ನ ಮೀನಿನ ಬೆನ್ನು ಒತ್ತಿ
ಮುಳ್ಳಿನ ಬಾಚಣಿಗೆಯನ್ನು ಪೂರ್ತಿ ಎತ್ತಿ ತೋರಿಸಿದ:
ಹೀಗೆ.

ಒರ್ತಿ ಎಂದರೆ ತುಳುವಿನಲ್ಲಿ ಒಬ್ಬಳು.
ನಮ್ಮ ಕಡೆ ವರ್ತಿ ಎಂದರೆ
ಬತ್ತಿದ ಹಳ್ಳದ ಮರಳು ಕೆದರಿ ತೆಗೆದ ಗುಂಡಿ,
ತಂಬಿಗೆ ತುಂಬುವಷ್ಟು ನೀರಿಗೆ
ಅವ್ವ ಕುಕ್ಕರುಗಾಲಲ್ಲಿ ಕಾಯುತ್ತಿದ್ದದ್ದು.
ನೆಂಟರೋ ಅಲ್ಲವೋ ಈ ಎರಡು ಮಾತು, ನಾನರಿಯೆ.
ಬೆರಳು ನೆಕ್ಕುತ್ತಾ ಜೋಡಿಸಿಕೊಂಡೆ.

ಸಂಜೆ ಕಡವಿನ ದೋಣಿ ಹತ್ತಿ ಬೆಂಗ್ರೆಗೆ.
ಒಂದು ಕಡೆ ಹೊಳೆ, ಒಂದು ಕಡೆ ಕಡಲು,
ನಡುವೆ ಒಂದು ಪಟ್ಟಿ ಮರಳು.
ಹರಿದ ಬಲೆಗೆ ಹೊಲಿಗೆ ಹಾಕುವ ಇಬ್ಬರು,
ಸೈಕಲ್ ಟಯರು ಉರುಳಿಸುವ ಹುಡುಗಿ.
ನೋಡಲು ಇಷ್ಟೇ. ಫೋಟೋ ತೆಗೆಯಲಿಲ್ಲ.
ಹಳೇ ಚಾಳಿ, ಕೈಯಿಂದ ಮರಳು ಕೆದರಿದೆ.
ತಳದಲ್ಲಿ ನೀರು ಜಿನುಗಿತು, ತಡವಾಗಿ, ಮುಜುಗರದಿಂದ.
ನಾಲಗೆಗೆ ಹಚ್ಚಿದೆ:
ಅರ್ಧ ಹೊಳೆ, ಅರ್ಧ ಉಪ್ಪು.
ಇನ್ನಷ್ಟು ಕೆದರಿದೆ. ಹೊತ್ತು ಹೋದದ್ದು ತಿಳಿಯಲಿಲ್ಲ.

ಓಡೋಡಿ ಬಂದರೆ
ಕೊನೆಯ ದೋಣಿ ಎಂಜಿನ್ ಗುರುಗುಡಿಸುತ್ತಾ ನಿಂತೇ ಇತ್ತು.
ಮೀನು ಬುಟ್ಟಿಯ ಹೆಂಗಸರು ಗೊಣಗುತ್ತಿದ್ದರು.
ದೋಣಿಯವನು ಹಗ್ಗ ಬಿಚ್ಚುತ್ತಾ ಅಂದ:
"ಬರುವಾಗ ಎಣಿಸಿದ್ದೆ. ಒಬ್ರು ಕಡಿಮೆ ಇದ್ರು."

ಏನು ಹೇಳಬೇಕೋ ತೋಚದೆ
ನಾಳೆ ಬೆಳಿಗ್ಗೆ ಎಲ್ಲಿ, ಏನು ತಿನ್ನಲಿ ಎಂದು ಕೇಳಿದೆ.
"ಮೂಡೆ," ಎಂದ. "ಬೇಗ ಹೋಗಿ, ಬಿಸಿ ಇರುವಾಗ."