ಆರು ಗಂಟೆಯ ಗೇಜು

ಮೈಸೂರಿಂದ ಬಂದ ಪರೀಕ್ಷಕರು ಚಹಾ ಬೇಡವೆಂದರು,
ಸಕ್ಕರೆ ಫ್ಯಾಕ್ಟರಿ ಕಡೆಯ ಗಾಳಿಗೆ ಮೂಗು ಮುರಿದು
ಕಿಟಕಿ ಮುಚ್ಚಿಸಿದರು.
ಮಂಡ್ಯದ ಲ್ಯಾಬು, ವೈವಾ, ರೋಲ್ ನಂಬರ್ ಮೂವತ್ತೊಂದು:
ಇಂದ್ರಾಣಿ, ಸೌಡಿ ಜವರಯ್ಯನ ಮಗಳು.

“ವ್ಯವಸ್ಥೆ ಅಂದರೇನಮ್ಮ?”
ವ್ಯಾಖ್ಯೆ ಗಂಟಲಲ್ಲೇ ಸಿಕ್ಕಿಕೊಂಡಿತು.
ಹುಡುಗಿ ನನ್ನ ಮುಖ ನೋಡಿದಳು. ನಾನು
ಆಸಿಲೋಸ್ಕೋಪಿನ ಹಸಿರು ಗೆರೆ ನೋಡುತ್ತಿದ್ದೆ.

“ನಾಲೆ, ಸಾರ್.
ತೂಬು ಎತ್ತಿದ್ದು ಒಳಕ್ಕೆ, ಗದ್ದೆಗೆ ಬಂದದ್ದು ಹೊರಕ್ಕೆ.
ನಡುವೆ ಇರೋದೆಲ್ಲ ವ್ಯವಸ್ಥೆ.”

“ರೇಖೀಯವೋ?”
“ಅಲ್ಲ ಸಾರ್. ಒಂದು ಗೇಣು ಎತ್ತಿದರೆ ಒಂದು ಪಾಲು,
ಎರಡು ಗೇಣು ಎತ್ತಿದರೆ ಏರಿ ಒಡೀತದೆ.”
“ಕಾಲಕ್ಕೆ ಬದಲಾಗದ್ದೋ?”
“ಶ್ರಾವಣದಲ್ಲಿ ಬಿಟ್ಟಷ್ಟೇ ಮಾಘದಲ್ಲಿ ಬಿಟ್ಟರೆ
ಅರ್ಧ ದಾರೀಲಿ ನೆಲವೇ ಕುಡಿದುಬಿಡ್ತದೆ.
ನೆನಪಂತೂ ಅದೆ. ನೆನ್ನೆ ನೆಂದ ಮಣ್ಣು
ಇವತ್ತಿನ ನೀರನ್ನ ಬೇಗ ಬಿಟ್ಟುಕೊಡ್ತದೆ.”

ಪರೀಕ್ಷಕರು ಕನ್ನಡಕ ತೆಗೆದರು. ಬಿಡುವ ಆಸಾಮಿಯಲ್ಲ:
“ಸಂಕೇತ? ಅಖಂಡ ಯಾವುದು, ಬಿಡಿ ಯಾವುದು?”

“ನೀರು ಅಖಂಡ. ಅಪ್ಪನ ಪುಸ್ತಕ ಬಿಡಿ.
ದಿನಾ ಬೆಳಗ್ಗೆ ಆರಕ್ಕೆ ಗೇಜುಕಲ್ಲು ನೋಡಿ ಬರೀತಾರೆ.
ಎರಡಡಿ ನಾಕಂಗುಲ, ಎರಡಡಿ ನಾಕಂಗುಲ,
ಹದಿನೆಂಟು ದಿನ ಅದೇ ಅಂಕಿ.
ಪುಸ್ತಕದಲ್ಲಿ ನೀರು ಅಲುಗಾಡಿಲ್ಲ.
ಕೊನೇ ಬಯಲಲ್ಲಿ ಒಟ್ಲುಪೈರು ಕೆಂಪಾಗ್ತಿತ್ತು.
ಜನ ಅಪ್ಪನ ಮೇಲೆ ಬಿದ್ದರು, ಕಳ್ಳಲೆಕ್ಕ ಅಂದರು.”

ಫ್ಯಾನು ಕಟಕಟ.

“ನಾಕನೇ ಸೆಮಿಸ್ಟರಲ್ಲಿ ನೀವೇ ಹೇಳಿದ್ರಿ ಸಾರ್,”
ಈಗ ನನ್ನ ಕಡೆ ತಿರುಗಿದಳು,
“ಮರಳಿ ಮರಳಿ ಬರೋದನ್ನ ಹಿಡೀಬೇಕಾದರೆ
ಅದು ಒಂದು ಸುತ್ತು ಬರೋದರೊಳಗೆ
ಎರಡಕ್ಕಿಂತ ಹೆಚ್ಚು ಸಲ ನೋಡಿರಬೇಕು ಅಂತ.
ದಿನಕ್ಕೊಂದು ಸಲ ಬರೋ ಕಳ್ಳನಿಗೆ
ದಿನಕ್ಕೊಂದು ಸಲ ನೋಡೋನು ಕುರುಡ.
ಬ್ಯಾಟರಿ ಹಿಡಕೊಂಡು ಎರಡೆರಡು ಗಂಟೆಗೆ ಹೋದ್ವಿ.
ಹತ್ತಕ್ಕೆ ಸರಿ. ಹನ್ನೆರಡಕ್ಕೆ ಒಂದಡಿ ಒಂಬತ್ತು.
ಎರಡಕ್ಕೆ ಒಂದಡಿ ಆರು. ಆಮೇಲೆ ತುಂಬಿಕೊಂಡು
ಆರಕ್ಕೆ ಅದೇ ಎರಡಡಿ ನಾಕಂಗುಲ,
ಏನೂ ಆಗದಂಗೆ.”

“ಯಾರಮ್ಮ ಅದು?” ಪೆನ್ನು ನಿಂತಿತ್ತು.

ದುಪಟ್ಟದ ತುದಿ ಬೆರಳಿಗೆ ಸುತ್ತಿಕೊಂಡಳು.
“ಚಿಕ್ಕಪ್ಪ.”
“ಆಮೇಲೆ?”
“ಅದು ಸಿಲಬಸ್ಸಲ್ಲಿಲ್ಲ ಸಾರ್.”

ಇಪ್ಪತ್ತಕ್ಕೆ ಹದಿನೆಂಟು ಬರೆದು
ಸಹಿಗೆ ನನ್ನ ಕಡೆ ತಳ್ಳಿದರು.
ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ
ಸೈನ್ ಅಲೆ ಬರೆದು ಅಳಿಸುತ್ತಿದ್ದೇನೆ;
ರಾತ್ರಿ ಹೊತ್ತು ಅದು ಯಾರ ಗದ್ದೆಗೆ ಹೋಗುತ್ತದೋ
ವಿಚಾರಿಸಿರಲಿಲ್ಲ.

ಮೂವತ್ತೆರಡು ಒಳಗೆ ಬಂದ.
ಅವನ ಜೇಬಲ್ಲಿ ಚೀಟಿ ಸದ್ದು ಮಾಡಿತು.