ಚಹರೆಪಟ್ಟಿ

ಬಂದೂಕುಗಳನ್ನು ಮೊದಲು ಎಣಿಸಿದರು,
ಆಮೇಲೆ ಎತ್ತುಗಳನ್ನು, ಆಮೇಲೆ ನಮ್ಮನ್ನು.
ಪುಣೆಯಲ್ಲಿ, ಮುಠೆಯ ದಂಡೆಯ ಹುಣಸೆಮರದ ಕೆಳಗೆ
ನನ್ನ ಜಮಖಾನೆ, ನನ್ನ ದೌತಿ, ಮರಳಿನ ಡಬ್ಬಿ,
ಹನ್ನೊಂದು ವರ್ಷದ ದಫ್ತರದ ಗಂಟು.
ಪಕ್ಕದ ಕುರ್ಚಿಯಲ್ಲಿ ಕುಂಪಣಿಯ ಸಾಹೇಬ,
ಬಿಸಿಲಿಗೆ ಸುಲಿದ ಮೂಗು, ಕಾಲಬಳಿ ರೂಪಾಯಿ ಗೋಣಿ.

ಗಾರದಿ ಪಲ್ಟಣ ಮುರಿಯುವುದೆಂದರೆ
ಕೋಟೆ ಮುರಿದ ಹಾಗೆ ಸದ್ದಾಗುವುದಿಲ್ಲ.
ಹೆಸರು ಕೂಗುತ್ತೇನೆ. ಒಬ್ಬ ಬರುತ್ತಾನೆ.
ಪಟ್ಟಿಯ ಮುಖ, ಎದುರಿನ ಮುಖ
ಎರಡೂ ಒಂದೇ ಎಂದು ದುಭಾಷಿ ಗೋಣು ಹಾಕಿದರೆ
ಎರಡು ತಿಂಗಳ ಪಗಾರ, ಒಂದು ಹೆಬ್ಬೆಟ್ಟು,
ಹೆಸರಿನ ಮೇಲೆ ನನ್ನದೊಂದು ಅಡ್ಡಗೆರೆ.
ಅಷ್ಟೆ.

ತೆಲಂಗಿ ಪೋಚಯ್ಯ: ಗೋದಿ ಬಣ್ಣ, ಹುಬ್ಬಿನ ಮೇಲೆ ಸುಟ್ಟ ಕಲೆ.
ಪರದೇಸಿ ದುರ್ಜನಸಿಂಗ: ಎತ್ತರ, ಮುಂದಿನ ಹಲ್ಲೊಂದಿಲ್ಲ.
"ಈಗ ಮೂರಿಲ್ಲ ರಾಯರೇ, ತಿದ್ದಿಕೊಳ್ಳಿ" ಎಂದ.
ತಿದ್ದಿಯೇ ಗೆರೆ ಎಳೆದೆ.
ಅರಬ ಸಾಲಿಂ: ಸಿಡುಬಿನ ಮುಖ, ಬಲಗೈಗೆ ನಾಲ್ಕು ಬೆರಳು.
ಆ ನಾಲ್ಕರಲ್ಲೇ ಒಂದೊಂದು ರೂಪಾಯಿ ಎತ್ತಿ
ಕಲ್ಲಿಗೆ ಬಡಿದು ದನಿ ಕೇಳಿದ, ಸಾಹೇಬನ ಎದುರಿಗೇ.

ನಾನು ಧಾರವಾಡದ ಕಡೆಯವನು.
ಮೋಡಿಯಲ್ಲಿ ಬರೆಯುತ್ತೇನೆ, ಕನ್ನಡದಲ್ಲಿ ಬೈಯುತ್ತೇನೆ,
ಲೆಕ್ಕದಲ್ಲಿ ಎಂದೂ ತಪ್ಪಿದವನಲ್ಲ.
ಒಂದು ಸಲ ಬಿಟ್ಟು.

ಬೇಡರ ಗಾದಿಲಿಂಗ: ಎಣ್ಣೆಗಪ್ಪು, ಕುಳ್ಳ,
ಎಡಗಿವಿಯ ಕೆಳಗೆ ಎಳ್ಳಿನಷ್ಟು ಮಚ್ಚೆ.
ಎರಡು ಮಳೆಗಾಲದ ಹಿಂದೆ ಮೂರು ದಿನದ ಜ್ವರಕ್ಕೆ ಹೋದ.
ಹೆಸರು ಹೊಡೆದುಹಾಕಲು ಲೆಕ್ಕಣಿಕೆ ಎತ್ತಿದಾಗ
ನಿಂಬೆವ್ವ ಬಾಗಿಲಲ್ಲಿ ನಿಂತಿದ್ದಳು, ಕಂಕುಳಲ್ಲಿ ಕೂಸು.
"ಯಪ್ಪಾ" ಎಂದಳು, ನಮ್ಮ ಮಾತಿನಲ್ಲಿ.
ಮುಂದೆ ಏನೂ ಹೇಳಲಿಲ್ಲ.
ಲೆಕ್ಕಣಿಕೆ ಕೆಳಗಿಟ್ಟೆ.
ಅಂದಿನಿಂದ ಗಾದಿಲಿಂಗ ತಿಂಗಳು ತಿಂಗಳೂ ಹಾಜರು.
ಪಹರೆ ನಿಂತ, ಮದ್ದು ಪಡೆದ,
ಒಂದು ಸಲ ಕುಡಿದು ದಂಡವನ್ನೂ ತೆತ್ತ;
ಬರೀ ಒಳ್ಳೆಯವನಾದರೆ ಯಾರೂ ನಂಬುವುದಿಲ್ಲವಲ್ಲ.

ಇವತ್ತು ಅವನೂ ಬರಬೇಕು, ಬಿಡುಗಡೆಗೆ.
ಕೂಗಿದೆ. ಇನ್ನೇನು ಮಾಡಲಿ?
ಪರ್ವತಿ ಗುಡ್ಡದ ಮೇಲೊಂದು ಗಂಟೆ ಬಡಿಯಿತು, ನಿಂತಿತು.
ಸಾಲು ಕದಲಲಿಲ್ಲ. ಒಬ್ಬನೂ ನಗಲಿಲ್ಲ.
ಇಡೀ ಪಲ್ಟಣಕ್ಕೆ ಗೊತ್ತಿತ್ತೆಂದು
ನನಗೆ ಗೊತ್ತಾದದ್ದು ಆಗ.
ಸಾಹೇಬ ತಲೆ ಎತ್ತಿದ.
ಎರಡನೆಯ ಸಲ ಕೂಗಿದ ದನಿ ನನ್ನದಾಗಿರಲಿಲ್ಲ.

"ಹಾಜರು."

ಎತ್ತುಗಳ ಹಿಂದಿನಿಂದ ಭಿಸ್ತಿ ಲಾಡ್ಲೇಸಾಬ ಬಂದ,
ಹದಿನಾರು ವರ್ಷ ನಮ್ಮ ದಂಡಿಗೆ ನೀರು ಹೊತ್ತವನು.
ನೀರಿನವರಿಗೆ ಪಟ್ಟಿಯಿಲ್ಲ, ಚಹರೆಯಿಲ್ಲ,
ಪಲ್ಟಣ ಮುರಿದರೂ ಅವರು ಮುರಿದ ಲೆಕ್ಕವಿಲ್ಲ.
ಮೈಮೇಲೆ ಯಾರದೋ ಕೆಂಪು ಅಂಗಿ, ತೋಳು ಗಿಡ್ಡ,
ಬೆನ್ನಿನಲ್ಲಿ ಚರ್ಮದ ಚೀಲದ ತೇವ ಆಗಲೇ ಮೂಡಿತ್ತು.

ದುಭಾಷಿ ಓದಿದ. ಎಣ್ಣೆಗಪ್ಪು. ಹೌದು.
ಕುಳ್ಳ. ಆಗಬಹುದು.
ಎಡಗಿವಿಯ ಕೆಳಗೆ ಮಚ್ಚೆ.
ಲಾಡ್ಲೇಸಾಬ ಕತ್ತು ತಿರುಗಿಸಿದ.
ಇತ್ತು. ಎಳ್ಳಿನಷ್ಟಲ್ಲ, ಕಡಲೆಯಷ್ಟು;
ಹೊಳೆಯುತ್ತಿತ್ತು, ಇನ್ನೂ ಆರಿರಲಿಲ್ಲ.
ಮಧ್ಯಾಹ್ನ ಊಟಕ್ಕೆ ಎದ್ದಾಗ
ದೌತಿಯ ಬಾಯಿ ಮುಚ್ಚಿದ್ದೆನೋ ಇಲ್ಲವೋ.
ಕೈ ತಾನಾಗಿ ಮರಳಿನ ಡಬ್ಬಿಗೆ ಹೋಯಿತು, ಹಿಂದೆಳೆದೆ.
ಕಿವಿಯಿಂದ ಬೆವರೊಂದು ಅದರತ್ತ ಇಳಿಯುತ್ತಿರುವಾಗ
ಸಾಹೇಬ ಆಕಳಿಸಿ "ಮುಂದೆ" ಎಂದ.

ಗಾದಿಲಿಂಗನ ಹೆಸರಿನ ಮೇಲೆ ಗೆರೆ ಎಳೆದೆ.
ಆ ಗೆರೆ ಮಾತ್ರ ಸೊಟ್ಟಗಿದೆ, ಈಗಲೂ ನೋಡಬಹುದು.
ದುಡ್ಡು ಕಸಬಾ ಪೇಟೆಯ ಓಣಿ ಮುಟ್ಟಿತೋ,
ಹೊಳೆ ದಾಟಿ ಬೇರೆ ದಾರಿ ಹಿಡಿಯಿತೋ
ಕೇಳಲಿಲ್ಲ. ಕೇಳಿದ್ದರೆ ಬರೆಯಬೇಕಾಗುತ್ತಿತ್ತು.

ಸಂಜೆ ಬಯಲಿನಲ್ಲಿ ಧೂಳೆದ್ದಿತು.
ನೀರು ಚಿಮುಕಿಸುವವರು ಯಾರೂ ಇರಲಿಲ್ಲ.
ಹಾಳೆಗಳ ಮೇಲೆ ಕೂತದ್ದನ್ನು ಊದಿ,
ಗಂಟು ಕಟ್ಟಿ, ಯಾರಿಗೆ ಒಪ್ಪಿಸಬೇಕೆಂದು ತಿಳಿಯದೆ
ಸ್ವಲ್ಪ ಹೊತ್ತು ಅದರ ಮೇಲೆಯೇ ಕೂತೆ.