ಹಲ್ಲಿಗೆ ಹೋದದ್ದು

ಕಣಿಗೆ ಇಟ್ಟ ಸೌತೆ
ವಿಷು ಕಳೆದು ಒಂಬತ್ತನೇ ದಿನ ಇನ್ನೂ ಹಳದಿ,
ಬೆರಳೊತ್ತಿದರೆ ತೊಟ್ಟಿನ ಬಳಿ ಮಾತ್ರ ಮೆದು.
ಈಗ ಸೀಳಬಹುದು ಎಂದಳು ಬೀಫಾತುಮ್ಮ,
ಮೊಗ್ರಾಲಿನ ಬಯಲಲ್ಲಿ ನಲವತ್ತು ಬೇಸಗೆ
ಬಳ್ಳಿಗೆ ನೀರು ಹೊತ್ತವಳು.

ನನ್ನ ಕೈಯಲ್ಲಿ ಕೃಷಿಭವನದ ಪುಸ್ತಕ.
ಮೂರು ವಿಧಾನಕ್ಕೆ ಮೂರು ಅಂಕಣ,
ಕೊನೆಗೊಂದು ಅಗಲದ್ದು: ನಷ್ಟ.

ಮೊದಲು ಮಿಕ್ಸಿ. ಬ್ಲೇಡಿಗೆ ಟೇಪು ಸುತ್ತಿ
ಎರಡೇ ಎರಡು ತಿರುವು.
ಕೆಲಸವೇನೋ ಬೇಗ.
ಬಿಸಿಲಿಗೆ ಹಿಡಿದರೆ ಸಿಪ್ಪೆಯ ಅಂಚಲ್ಲಿ
ಕೂದಲೆಳೆಯ ಬಿರುಕು,
ನೂರರಲ್ಲಿ ಮೂವತ್ತೇಳಕ್ಕೆ.
ಅಂಗೈಯಲ್ಲಿಟ್ಟರೆ ಎಲ್ಲವೂ ಬೀಜವೇ.

ಎರಡನೆಯದು, ಆಗಿಂದಾಗಲೇ ನೀರಲ್ಲಿ ಉಜ್ಜಿ ತೊಳೆದದ್ದು.
ಲೋಳೆ ಬಿಡದ ಬೀಜ
ಗಟ್ಟಿಯಾದರೂ ತೇಲುತ್ತದೆ ಎಂದು
ನನಗೆ ಯಾರು ಹೇಳಿದ್ದರು?
ತೇಲಿದ್ದೆಲ್ಲ ಪೊಳ್ಳೆಂದು ತೋಡಿಗೆ ಚೆಲ್ಲಿದೆ.
ಬೀಫಾತುಮ್ಮನ ಬಾತುಗಳು ಆ ಸಂಜೆ
ಗೂಡಿಗೆ ತಡವಾಗಿ ಬಂದವು.

ಮೂರನೆಯದು ಮಡಕೆ.
ತಿರುಳು, ರಸ, ಬೀಜ ಒಟ್ಟಿಗೆ ಸುರಿದು
ಬಾಯಿಗೆ ಹಳೇ ಮುಂಡಿನ ತುಂಡು.
ಎಷ್ಟು ಹೊತ್ತು ಎಂದು ಬರೆಯಲಿ?
'ಹುಳಿ ಬಂದ ಮೇಲೆ, ಹುಳ ಬರುವ ಮೊದಲು.'
ಎರಡು ರಾತ್ರಿ ಎಂದು ಬರೆದೆ.

ಇನ್ನೊಂದು ಮಡಕೆ ಇತ್ತು.
ಉಪ್ಪಳದ ಮದುವೆಗೆ ಹೋದವರು
ನಾಲ್ಕನೇ ದಿನ ಬಟ್ಟೆ ಬಿಚ್ಚಿದರೆ
ಒಳಗೆ ಬಿಳೀ ಮೂತಿ ಚಾಚಿ
ಅಷ್ಟೂ ಮೊಳೆತು, ಅಷ್ಟೂ ಸತ್ತಿತ್ತು.
ನಷ್ಟ: ಪೂರ್ತಿ. ಕಾರಣದ ಜಾಗದಲ್ಲಿ
'ಬಿರಿಯಾಣಿ' ಎಂದು ಬರೆದು ಹೊಡೆದು ಹಾಕಿದೆ.

ಉಳಿದದ್ದನ್ನು ಬೂದಿಯಲ್ಲಿ ಹೊರಳಿಸಿ
ಗೆರಸೆಯಲ್ಲಿ ನೆರಳಿಗಿಟ್ಟೆವು.
ದಿನಕ್ಕೊಮ್ಮೆ ಅವಳು ಒಂದನ್ನು ಹೆಕ್ಕಿ
ಎಡಗಡೆ ಉಳಿದ ಎರಡು ಹಲ್ಲಿನ ನಡುವೆ ಇಟ್ಟು ಒತ್ತುವಳು,
ಕಣ್ಣು ಮುಚ್ಚಿ, ದೂರದ ರೈಲು ಕೇಳುವವರ ಹಾಗೆ.
ಬಾಗಿತು. ನಾಳೆ ನೋಡುವ.
ಬಾಗಿತು. ನಾಳೆ.

ಒದ್ದೆ ಗೋಣಿಯಲ್ಲಿ ನೂರು ನೂರು ಎಣಿಸಿಟ್ಟೆ.
ಮಡಕೆಯದ್ದು ತೊಂಬತ್ತಮೂರು ಎದ್ದವು,
ತೊಳೆದದ್ದು ಎಪ್ಪತ್ತೆಂಟು,
ಮಿಕ್ಸಿಯದ್ದು ಐವತ್ತು ಚಿಲ್ಲರೆ, ಕೆಲವಕ್ಕೆ ಒಂದೇ ಎಲೆ.

ಲೆಕ್ಕ ಕೂಡಿದಾಗ ಮಡಕೆಯದ್ದರಲ್ಲಿ
ಹನ್ನೊಂದು ಕಡಿಮೆ. ಬಾತಲ್ಲ, ಜರಡಿಯಲ್ಲ.
ಅಗಲದ ಅಂಕಣದಲ್ಲಿ ಬರೆದೆ:
ಹಲ್ಲಿಗೆ ಹೋದದ್ದು, ೧೧.

ಅವಳು ಓದಿಸಿಕೊಂಡು ನಕ್ಕಳು.
ಗೆರಸೆಯಿಂದ ಇನ್ನೊಂದು ಹೆಕ್ಕಿ
ನನ್ನ ಬಾಯಿಯ ಹತ್ತಿರ ತಂದು,
ಕಚ್ಚು ಮಾರಾಯ್ತಿ, ಎಂದಳು.

ಟಕ್.

ಹನ್ನೊಂದು ಹೊಡೆದು
ಹನ್ನೆರಡು ಮಾಡಿದೆ.